ಮಗಳ ಇನ್‌ಲೈನ್ ಸ್ಕೇಟ್ಸ್ ಚಕ್ರ ಸವೆದಿದೆ, ಮನೆಯಲ್ಲೇ ಬದಲಾಯಿಸಬಹುದಾ?

ಅರಳಿಮರ_ಮೈಸೂರು · ಶನಿವಾರ, ಬೆಳಗ್ಗೆ 9:10

ಎಲ್ಲರಿಗೂ ನಮಸ್ಕಾರ. ಮಗಳಿಗೆ 11 ವರ್ಷ, ಎರಡು ವರ್ಷದಿಂದ ಸ್ಕೇಟಿಂಗ್ ಕ್ಲಾಸಿಗೆ ಹೋಗ್ತಿದ್ದಾಳೆ. ಒಂದು ಕಾಲಿಗೆ ಒಂದೇ ಸಾಲಲ್ಲಿ ನಾಲ್ಕು ಚಕ್ರ ಇರೋ ಇನ್‌ಲೈನ್. ಚಕ್ರದ ಮೇಲೆ 76 ಮಿ.ಮೀ., 82ಎ ಅಂತ ಅಚ್ಚಾಗಿದೆ. ಒಂದು ತಿಂಗಳಿಂದ "ಅಮ್ಮಾ, ಕಾಲು ಒಳಗಡೆ ವಾಲ್ತಿದೆ" ಅಂತಿದ್ಲು. ಹೊಸ ಸಾಕ್ಸ್ ದಪ್ಪ ಆಗಿರಬೇಕು ಅಂದ್ಕೊಂಡು ನಾನೂ ಸುಮ್ಮನಿದ್ದೆ. ನಿನ್ನೆ ಮಗುಚಿ ನೋಡಿದ್ರೆ ಎಂಟೂ ಚಕ್ರ ಒಳಮಗ್ಗುಲಿಗೆ ಓರೆಯಾಗಿ ಸವೆದಿವೆ, ಒಂದೇ ಕಡೆ ಉಜ್ಜಿದ ಬಳಪದ ಹಾಗೆ. ಬೆರಳಿನ ಕಡೆಯ ಚಕ್ರ ಅಂತೂ ಪಕ್ಕದ್ದಕ್ಕಿಂತ ಕಣ್ಣಿಗೆ ಕಾಣೋ ಹಾಗೆ ಚಿಕ್ಕದಾಗಿದೆ.

ಅಂಗಡಿಗೆ ತಗೊಂಡು ಹೋದೆ. "ಹೊಸ ಜೋಡಿನೇ ತಗೊಳ್ಳಿ ಮೇಡಂ, ಚಕ್ರ ಬದಲಾಯಿಸಿದ್ರೆ ಬ್ಯಾಲೆನ್ಸ್ ಬರಲ್ಲ" ಅಂದ್ರು. ಆದ್ರೆ ಶೂ ಚೆನ್ನಾಗಿದೆ, ಬಕಲ್ ಗಟ್ಟಿ ಇದೆ, ಅವಳ ಕಾಲಿಗೆ ಇನ್ನೊಂದು ವರ್ಷ ಬರುತ್ತೆ. ಬರೀ ಚಕ್ರ ಹಾಕಿದ್ರೆ ಸಾಲದಾ? ಮನೆಯಲ್ಲೇ ಮಾಡೋಕಾಗುತ್ತಾ? ನನ್ನ ಹತ್ರ ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್ ಬಿಟ್ರೆ ಬೇರೆ ಏನೂ ಇಲ್ಲ.

ಎಂಟುಚಕ್ರ · 9:22

ಖಂಡಿತ ಆಗುತ್ತೆ. ಅರ್ಧ ಗಂಟೆ ಕೆಲಸ. 4 ಮಿ.ಮೀ. ಎಲ್ ಕೀ ಒಂದಿದ್ರೆ ಸಾಕು.

ಗಾಳಿಪಟ_ಬೆಳಗಾವಿ · 9:31

ಅಕ್ಕಾರ, ಅಂಗಡ್ಯಾಂವ ಹೇಳಿದ್ದು ಕಿವಿಗೇ ಹಾಕ್ಕೋಬ್ಯಾಡ್ರಿ. ಚಕ್ರ ಇರೋದs ಸವಿಲಿಕ್ಕೆ. ಸೈಕಲ್ ಟೈರ್ ಸವದ್ರ ಯಾರರ ಸೈಕಲ್ ಒಗೀತಾರೇನ್ರೀ? ನಮ್ಮ ಹುಡುಗ ಆರು ವರ್ಷದಿಂದ ಆಡ್ಲಿಕತ್ತಾನ, ದಿನಾ ಮುಂಜಾನೆ ರಿಂಕಿಗೆ ಹೋಗ್ತಾನ. ವರ್ಷಕ್ಕ ಎರಡು ಸಲ ಚಕ್ರ ನಾನs ಬದಲಿ ಮಾಡ್ತೀನಿ, ಅಡಗಿ ಮನಿ ಕಟ್ಟಿ ಮ್ಯಾಲ ಪೇಪರ್ ಹಾಸಿ.

ಮೊದಲ ಒಂದು ಮಾತು. ಹೊಸಾವು ತಗೊಳ್ಳೂಕ್ಕಿಂತ ಮುಂಚೆ ಇದ್ದ ಚಕ್ರ ಅದಲಬದಲ ಮಾಡಿ ನೋಡೀರೇನು? ಸವದ ಮಗ್ಗಲಾ ಹೊರಗ ಬರೂ ಹಂಗ ತಿರುವಿ ಹಾಕಿದ್ರ ಇನ್ನೂ ನಾಕ ತಿಂಗಳ ಓಡ್ತಾವ.

ಅರಳಿಮರ_ಮೈಸೂರು · 9:40

ಇಲ್ಲ, ಅದಲುಬದಲು ಮಾಡಬೇಕು ಅನ್ನೋದೇ ಗೊತ್ತಿರಲಿಲ್ಲ. ಕ್ಲಾಸಲ್ಲೂ ಯಾರೂ ಹೇಳಿಲ್ಲ.

ಎಂಟುಚಕ್ರ · 9:47

ಹಾಗಾದ್ರೆ ಇದನ್ನ ಬರೆದಿಟ್ಕೊಳ್ಳಿ. ಬೆರಳಿನ ಕಡೆಯಿಂದ ಹಿಮ್ಮಡಿ ಕಡೆಗೆ 1, 2, 3, 4 ಅಂತ ಎಣಿಸಿ. 1ನ್ನು 3ರ ಜಾಗಕ್ಕೆ, 3ನ್ನು 1ರ ಜಾಗಕ್ಕೆ. 2ನ್ನು 4ಕ್ಕೆ, 4ನ್ನು 2ಕ್ಕೆ. ಜೊತೆಗೆ ಎಡಗಾಲಿಂದು ಬಲಗಾಲಿಗೆ, ಬಲಗಾಲಿಂದು ಎಡಗಾಲಿಗೆ. ಹಾಕುವಾಗ ಪ್ರತಿ ಚಕ್ರನೂ ಮಗ್ಗುಲು ತಿರುಗಿಸಿ ಹಾಕಿ.

ಪೀಣ್ಯ_ಲೇತ್ · 10:05

ಕೊನೇ ಮಾತು ತಪ್ಪು. ದಯವಿಟ್ಟು ಹಾಗೆ ಮಾಡಬೇಡಿ.

ಎಡಗಾಲಿನ ಚಕ್ರ ತಗೊಳ್ಳಿ. ಅದು ಸವೆಯೋದು ಒಳಮಗ್ಗುಲು, ಅಂದ್ರೆ ಬಲಗಾಲಿನ ಕಡೆಗಿರೋ ಮಗ್ಗುಲು. ಆ ಚಕ್ರನ ಹಾಗೇ, ತಿರುಗಿಸದೆ, ಬಲಗಾಲಿಗೆ ಹಾಕಿದ್ರೆ ಸವೆದ ಮಗ್ಗುಲು ತಾನಾಗೇ ಹೊರಗಡೆ ಬಂತು. ಇನ್ನು ಅದೇ ಕಾಲಲ್ಲಿ ಇಟ್ಕೊಂಡು ಮಗ್ಗುಲು ತಿರುಗಿಸಿದ್ರೂ ಸವೆದ ಕಡೆ ಹೊರಗೆ ಬರುತ್ತೆ. ಎರಡರಲ್ಲಿ ಒಂದು ಮಾಡಬೇಕು. ಕಾಲೂ ಬದಲಾಯಿಸಿ ಮಗ್ಗುಲೂ ತಿರುಗಿಸಿದ್ರೆ ಸವೆದ ಕಡೆ ಮತ್ತೆ ಒಳಗೇ ಬಂದು ಕೂರುತ್ತೆ. ಮಾಡಿದ ಕೆಲಸ ಎಲ್ಲ ದಂಡ.

ಎಂಟುಚಕ್ರ · 10:09

ನಾನು ಮೂರು ವರ್ಷದಿಂದ ಹೀಗೇ ಮಾಡ್ತಿದ್ದೀನಿ ಸಾರ್, ಏನೂ ತೊಂದರೆ ಆಗಿಲ್ಲ.

ಪೀಣ್ಯ_ಲೇತ್ · 10:12

ಒಂದು ಸ್ಕೆಚ್ ಪೆನ್ ತಗೊಂಡು ಸವೆದ ಮಗ್ಗುಲಿಗೆ ಚುಕ್ಕೆ ಇಟ್ಟು ಮಾಡಿ ನೋಡಿ. ಐದು ನಿಮಿಷ.

ಎಂಟುಚಕ್ರ · 10:38

ಇಟ್ಟು ನೋಡಿದೆ. ನೀವು ಹೇಳಿದ್ದೇ ಸರಿ. ಚುಕ್ಕೆ ಎಲ್ಲ ಒಳಗಡೆನೇ ಬಂತು. ಮೂರು ವರ್ಷ ಹೀಗೇ ಹಾಕ್ಕೊಂಡು ಬಂದಿದ್ದೀನಿ. ಇವತ್ತೇ ಎರಡೂ ಜೋಡಿ ಬಿಚ್ಚಿ ಸರಿ ಮಾಡ್ತೀನಿ. ಮೇಡಂ, ನನ್ನ 9:47ರ ಉತ್ತರದಲ್ಲಿ ಮಗ್ಗುಲು ತಿರುಗಿಸೋ ಸಾಲು ಬಿಟ್ಟುಬಿಡಿ.

ಸಣ್ಣರಿಪೇರಿ_ಶಿವಮೊಗ್ಗ · 10:50

ಅಮ್ಮಾ, ಅದಲುಬದಲು ಮಾಡಬೇಕೋ ಹೊಸದು ಹಾಕಬೇಕೋ ಅಂತ ತೀರ್ಮಾನ ಮಾಡೋದಕ್ಕೆ ಮೊದಲು ಅಳತೆ ತೆಗೀರಿ. ವರ್ನಿಯರ್ ಇಲ್ಲದಿದ್ರೆ ಶಾಲೆಯ ಎರಡು ಸೆಟ್‌ಸ್ಕ್ವೇರ್ ಎದುರುಬದುರು ನಿಲ್ಲಿಸಿ, ಮಧ್ಯೆ ಚಕ್ರ ಇಟ್ಟು, ಕೆಳಗೆ ಸ್ಕೇಲ್ ಹಿಡಿದ್ರೆ ಸಾಕು. ಎಂಟರದ್ದೂ ಬರೆದು ಹಾಕಿ.

ಅರಳಿಮರ_ಮೈಸೂರು · 11:35

ಸೆಟ್‌ಸ್ಕ್ವೇರ್ ಉಪಾಯ ಚೆನ್ನಾಗಿ ಕೆಲಸ ಮಾಡ್ತು, ಮಗಳೇ ಅಳೆದಳು. ಬಲಗಾಲು: 66, 71, 72, 69. ಎಡಗಾಲು: 68, 72, 72, 71. ಬಲಗಾಲಿನ ಮೊದಲನೇ ಚಕ್ರದಲ್ಲಿ ಒಂದು ಕಡೆ ಚಪ್ಪಟೆ ಆಗಿದೆ, ನೆಲದ ಮೇಲೆ ಉರುಳಿಸಿದ್ರೆ ಟಕ್ ಟಕ್ ಅನ್ನುತ್ತೆ.

ಸಣ್ಣರಿಪೇರಿ_ಶಿವಮೊಗ್ಗ · 11:42

ಹೊಸದೇ ಹಾಕಿ. 76ರಿಂದ 66ಕ್ಕೆ ಇಳಿದಿದೆ ಅಂದ್ರೆ ಯುರೆಥೇನ್, ಅಂದ್ರೆ ಚಕ್ರದ ಹೊರಗಿನ ಮೆತ್ತನೆ ಭಾಗ, ತುಂಬಾ ಸವೆದಿದೆ. ಹೀಗೇ ಸವೆಯುತ್ತಾ ಹೋದ್ರೆ ಒಳಗಿನ ಗಟ್ಟಿ ಪ್ಲಾಸ್ಟಿಕ್ ತಿರುಳು ನೆಲಕ್ಕೆ ತಾಗುತ್ತೆ. ಅದು ನೆಲ ಹಿಡಿಯಲ್ಲ, ಜಾರುತ್ತೆ. ಅದೂ ಅಲ್ದೆ ಒಂದೇ ಕಾಲಲ್ಲಿ 66 ಮತ್ತು 72 ಇದ್ರೆ ನಾಲ್ಕೂ ಚಕ್ರ ಒಟ್ಟಿಗೆ ನೆಲ ಮುಟ್ಟಲ್ಲ. ಮಗು ಮುಂದಕ್ಕೆ ಮುಗ್ಗರಿಸಬಹುದು.

ಗಾಳಿಪಟ_ಬೆಳಗಾವಿ · 11:50

ಒಪ್ಪಿದೆ. ನಾ ಅದಲಬದಲ ಅಂದದ್ದು ಎರಡು ಮೂರು ಮಿ.ಮೀ. ಫರಕ್ ಇದ್ದಾಗ. ಇದು ಕೈ ಮೀರೇದ.

ಚಪ್ಪಟಿ ಆಗೇದ ಅಂದ್ರಲ್ಲಾ, ಬಲಗಾಲ ಅಡ್ಡ ಎಳದು ನಿಲ್ತಾಳೇನು? ಟಿ-ಸ್ಟಾಪ್ ಅಂತಾರಲ್ಲ ಅದು. ಅದರಾಗ ಚಕ್ರ ಉರುಳೂದಿಲ್ಲ, ನೆಲಕ್ಕ ತಿಕ್ಕತದ. ನಮ್ಮ ಹುಡುಗಂದೂ ಇದs ಕಥಿ ಇತ್ತು. ಹಿಮ್ಮಡಿ ಬ್ರೇಕ್ ಹಚ್ಚಿ ನಿಲ್ಲೂದು ಕಲಿಸ್ರಿ, ಚಕ್ರ ಉಳೀತಾವ.

ಜಯನಗರ_ಪೋಷಕಿ · 12:15

ನಮ್ಮ ಕ್ಲಾಸಿನಲ್ಲಿ ಹಿಮ್ಮಡಿ ಬ್ರೇಕ್ ಬಿಚ್ಚಿಸಿಬಿಡ್ತಾರೆ. ರೇಸಿಗೆ ಅಡ್ಡ ಬರುತ್ತೆ ಅಂತಾರೆ. ಏಳು ವರ್ಷದ ಮಕ್ಕಳಿಗೂ ಹಾಗೇ. ನನಗಿದು ಸರಿ ಕಾಣಲ್ಲ.

ಎಂಟುಚಕ್ರ · 12:19

ರೇಸ್ ಮಾಡೋರು, ಸ್ಲಾಲಮ್ (ಸಾಲಾಗಿಟ್ಟ ಕೋನ್‌ಗಳ ನಡುವೆ ಸುಳಿಯೋದು) ಮಾಡೋರು ಬ್ರೇಕ್ ಹಾಕಲ್ಲ ಮೇಡಂ, ಕ್ರಾಸ್‌ಓವರ್ ಮಾಡುವಾಗ, ಅಂದ್ರೆ ಒಂದು ಕಾಲನ್ನ ಇನ್ನೊಂದರ ಮೇಲಿಂದ ದಾಟಿಸುವಾಗ, ಕಾಲಿಗೆ ಸಿಕ್ಕುತ್ತೆ.

ಜಯನಗರ_ಪೋಷಕಿ · 12:24

ರಿಂಕಿನಲ್ಲಿ ಬೇಡ, ಒಪ್ತೀನಿ. ಆದ್ರೆ ಅದೇ ಸ್ಕೇಟ್ಸ್ ಹಾಕ್ಕೊಂಡು ಅಪಾರ್ಟ್‌ಮೆಂಟಿನ ಇಳಿಜಾರಲ್ಲಿ ಇಳೀತಾರಲ್ಲ? ಅಲ್ಲಿ ಕಾರು ಬರುತ್ತೆ. ನಿಲ್ಲೋದನ್ನ ಕಲಿಸೋಕೆ ಮುಂಚೆ ಬ್ರೇಕ್ ಬಿಚ್ಚೋದು ತಪ್ಪು ಅಂತಲೇ ನಾನು ಹೇಳ್ತೀನಿ.

ಕಡಲತಡಿ · 12:40

ಬ್ರೇಕ್ ವಿಷಯ ಬೇರೆ ಮಾತಾಡುವ ಮಾರಾಯ್ರೆ, ಇವರಿಗೆ ಚಕ್ರ ಯಾವುದು ಅಂತ ಮೊದಲು ಹೇಳಿ.

ಮೇಡಂ, ಫ್ರೇಮಿನ (ಚಕ್ರ ಹಿಡಿದಿಡುವ ಚೌಕಟ್ಟಿನ) ಮಗ್ಗುಲಲ್ಲಿ ಸಣ್ಣ ಅಕ್ಷರದಲ್ಲಿ ಗರಿಷ್ಠ ಅಳತೆ ಬರೆದಿರ್ತದೆ. 76 ಅಂತ ಉಂಟಾದರೆ 76ನ್ನೇ ತೆಗೊಳ್ಳಿ. 80 ಹಾಕಿದರೆ ಜೋರು ಹೋಗ್ತದೆ ಅಂತ ಹಾಕಿದರೆ ಚಕ್ರ ಚಕ್ರಕ್ಕೆ ತಾಗಿ ತಿರುಗುವುದೇ ಇಲ್ಲ. ಇನ್ನು 82ಎ ಅಂದರೆ ಗಡಸುತನ. ಅಂಕಿ ಸಣ್ಣದಾದಷ್ಟು ಮೆತ್ತಗೆ. ಟಾರು ರಸ್ತೆ, ಒರಟು ಕಾಂಕ್ರೀಟ್ ಆದರೆ 80ರ ಆಸುಪಾಸು ಒಳ್ಳೆದು, ಕಾಲಿಗೆ ಕಂಪನ ಕಮ್ಮಿ. ನುಣ್ಣಗಿನ ರಿಂಕಿನಲ್ಲಿ ಮಾತ್ರ ಆಡುವುದಾದರೆ 84, 85 ಹಾಕಬಹುದು, ಬೇಗ ಸವೆಯುವುದಿಲ್ಲ. ಪಿವಿಸಿ ಚಕ್ರ ಅಂತ ಕಡಿಮೆಗೆ ಸಿಗ್ತದೆ, ಅದು ಬೇಡವೇ ಬೇಡ. ಅದಕ್ಕೆ ಹಿಡಿತವೇ ಇಲ್ಲ. ಕೇಳುವಾಗ ಪಿಯು (ಪಾಲಿಯುರೆಥೇನ್) ಚಕ್ರ ಅಂತ ಬಾಯಿಬಿಟ್ಟು ಕೇಳಿ.

ಅರಳಿಮರ_ಮೈಸೂರು · 12:58

ಫ್ರೇಮಿನ ಮೇಲೆ 76 ಅಂತಲೇ ಇದೆ. ಅವಳು ಆಡೋದು ಅರ್ಧ ರಿಂಕು, ಅರ್ಧ ಮನೆ ಮುಂದಿನ ರಸ್ತೆ. 82ಎ ಎಂಟು ಚಕ್ರ ಆರ್ಡರ್ ಮಾಡಿದೆ. ಬೇರಿಂಗ್ ಸೇರಿಲ್ಲ ಅಂತ ಬರೆದಿದ್ದಾರೆ. ಅದೂ ತಗೋಬೇಕಾ?

ಪೀಣ್ಯ_ಲೇತ್ · 1:20

ಹಳೇ ಬೇರಿಂಗ್ ಚೆನ್ನಾಗಿದ್ರೆ ಅದನ್ನೇ ತೆಗೆದು ಹೊಸ ಚಕ್ರಕ್ಕೆ ಹಾಕಬಹುದು. ಚಕ್ರಕ್ಕೆ ಎರಡರಂತೆ ಹದಿನಾರು ಇರ್ತವೆ. ಬೆರಳಿಗೆ ಸಿಕ್ಕಿಸಿ ಹೊರ ಬಳೆ ತಿರುಗಿಸಿ ನೋಡಿ. ಮರಳು ಅರೆದ ಹಾಗೆ ಸದ್ದು ಬಂದ್ರೆ ತೊಳೀಬೇಕು. ತೊಳೆದ ಮೇಲೂ ಹಾಗೇ ಇದ್ರೆ ಬದಲಾಯಿಸಿ.

ಇದು 608 ಬೇರಿಂಗ್. ಒಳ ತೂತು 8 ಮಿ.ಮೀ., ಹೊರ ಅಳತೆ 22, ದಪ್ಪ 7. ಸ್ಕೇಟ್ಸ್ ಅಂಗಡಿಗೇ ಹೋಗಬೇಕಂತಿಲ್ಲ, ಬೇರಿಂಗ್ ಮಾರೋ ಯಾವ ಅಂಗಡಿಯಲ್ಲೂ 608 ಅಂದ್ರೆ ಕೊಡ್ತಾರೆ. ಸಣ್ಣ ಮೋಟಾರು, ಕೈ ಗ್ರೈಂಡರುಗಳಲ್ಲೂ ಬರೋದು ಇದೇ.

ಎಂಟುಚಕ್ರ · 1:31

ತಗೊಳ್ಳೋದಾದ್ರೆ ಎಬೆಕ್ 9 ತಗೊಳ್ಳಿ, ಎಬೆಕ್ 5ಕ್ಕಿಂತ ಸ್ಪೀಡ್ ಜಾಸ್ತಿ.

ಪೀಣ್ಯ_ಲೇತ್ · 1:55

ಇದೊಂದು ನಂಬಿಕೆ ಎಲ್ಲ ಕಡೆ ಹರಡಿಬಿಟ್ಟಿದೆ. ಎಬೆಕ್ ಅನ್ನೋದು ವೇಗದ ಅಂಕಿ ಅಲ್ಲ. ಬಳೆಗಳ ಅಳತೆ ಎಷ್ಟು ಕರಾರುವಾಕ್ಕಾಗಿದೆ ಅನ್ನೋ ದರ್ಜೆ: 1, 3, 5, 7, 9. ಗುಂಡು ಎಷ್ಟು ನುಣುಪಾಗಿದೆ, ಒಳಗೆ ಯಾವ ಗ್ರೀಸ್ ಇದೆ, ಅದೇನೂ ಈ ಅಂಕಿಯಲ್ಲಿ ಬರಲ್ಲ.

ಲೆಕ್ಕ ಹಾಕೋಣ. 76 ಮಿ.ಮೀ. ಚಕ್ರದ ಸುತ್ತಳತೆ ಸುಮಾರು 239 ಮಿ.ಮೀ. ಒಂದು ಕಿಲೋಮೀಟರಿಗೆ ಹತ್ತಿರ ಹತ್ತಿರ 4,200 ಸುತ್ತು. ಮಗು ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋದ್ರೂ ನಿಮಿಷಕ್ಕೆ 1,400 ಸುತ್ತು ಆಗುತ್ತೆ. 608 ಬೇರಿಂಗ್ ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಡೆಯೋ ವಸ್ತು. ಇಷ್ಟು ಕಡಿಮೆ ವೇಗದಲ್ಲಿ 5ಕ್ಕೂ 9ಕ್ಕೂ ಕಾಲಿಗೆ ವ್ಯತ್ಯಾಸ ತಿಳಿಯಲ್ಲ. ಒಳಗೆ ಮಣ್ಣು ಹೊಕ್ಕರೆ ಮಾತ್ರ ತಕ್ಷಣ ತಿಳಿಯುತ್ತೆ. ಆ ದುಡ್ಡಲ್ಲಿ ಮಗುವಿಗೆ ಒಳ್ಳೇ ಮಣಿಕಟ್ಟಿನ ಗಾರ್ಡ್ ಕೊಡಿಸಿ.

ಎಂಟುಚಕ್ರ · 2:02

ನಾನು ಬದಲಾಯಿಸಿದಾಗ ಸ್ಪೀಡ್ ಬಂದಿದ್ದು ನಿಜ.

ಪೀಣ್ಯ_ಲೇತ್ · 2:04

ಹೊಸ ಬೇರಿಂಗ್, ಹೊಸ ಎಣ್ಣೆ. ಅದಕ್ಕೆ ಬಂತು. ಹೊಸ ಎಬೆಕ್ 5 ಹಾಕಿದ್ರೂ ಬರ್ತಿತ್ತು.

ಕಡಲತಡಿ · 2:30

ನಮ್ಮಲ್ಲಿ ಮಳೆಗಾಲ ಬಂತೆಂದರೆ ಯಾವ ದರ್ಜೆಯೂ ನಡೆಯುವುದಿಲ್ಲ, ಎಲ್ಲವೂ ತುಕ್ಕೇ. ಒದ್ದೆ ನೆಲದಲ್ಲಿ ಆಡಿ ಬಂದ ದಿನವೇ ಚಕ್ರ ಬಿಚ್ಚಿ ಒರೆಸಿ ಇಡಬೇಕು. ಒಂದು ರಾತ್ರಿ ಬಿಟ್ಟರೆ ಬೆಳಿಗ್ಗೆ ಕೆಂಪು ಪುಡಿ.

ಜಯನಗರ_ಪೋಷಕಿ · 2:41

ತೊಳೆಯೋದು ಹೇಗೆ? ನಮ್ಮನೆಯವರು ಪೆಟ್ರೋಲಲ್ಲಿ ನೆನೆಸ್ತೀನಿ ಅಂತಾರೆ, ನನಗೆ ಭಯ.

ಸಣ್ಣರಿಪೇರಿ_ಶಿವಮೊಗ್ಗ · 3:05

ಭಯ ಪಡೋದು ಸರಿನೇ. ಪೆಟ್ರೋಲು ಮನೆಯೊಳಗೆ ಬೇಡ. ಅದರ ಆವಿ ನೆಲದ ಮೇಲೇ ಹರಿದು ದೇವರ ದೀಪದ ತನಕ ಹೋಗುತ್ತೆ. ಐಸೊಪ್ರೊಪೈಲ್ ಆಲ್ಕೊಹಾಲ್ ಎಲೆಕ್ಟ್ರಾನಿಕ್ಸ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತೆ. ಅದಕ್ಕೂ ಬೆಂಕಿ ಹತ್ತುತ್ತೆ. ಕಿಟಕಿ ತೆಗೆದು, ಒಲೆಯಿಂದ ದೂರ ಕೂತು ಮಾಡಿ.

ಮಕ್ಕಳ ಸ್ಕೇಟ್ಸಿನಲ್ಲಿ ಬೇರಿಂಗಿಗೆ ಒಂದು ಕಡೆ ಮುಚ್ಚಳ ಇರ್ತದೆ. ರಬ್ಬರಿಂದಾದ್ರೆ ಗುಂಡುಸೂಜಿ ತುದಿಯಿಂದ ಅಂಚಿಗೆ ಸೂಕ್ಷ್ಮವಾಗಿ ಮೀಟಿದ್ರೆ ಎದ್ದು ಬರ್ತದೆ. ತಗಡಿಂದಾದ್ರೆ ಸುತ್ತ ಒಂದು ಸಣ್ಣ ತಂತಿ ಬಳೆ ಇರ್ತದೆ, ಅದರ ಬಾಯಿ ಹುಡುಕಿ ಸೂಜಿಯಲ್ಲಿ ಎಬ್ಬಿಸಿ. ಆ ಬಳೆ ಹಾರಿ ಹೋಗ್ತದೆ, ಮೇಲೆ ಬೆರಳಿಟ್ಕೊಳ್ಳಿ. ಎಲ್ಲ ಒಂದು ಜಾಮ್ ಬಾಟಲಿಗೆ ಹಾಕಿ, ಮುಳುಗೋವಷ್ಟು ಆಲ್ಕೊಹಾಲ್ ಸುರಿದು, ಎರಡು ನಿಮಿಷ ಅಲುಗಾಡಿಸಿ. ಕಪ್ಪು ಕಷಾಯ ಇಳಿಯುತ್ತೆ. ಚೆಲ್ಲಿ, ಹೊಸದು ಹಾಕಿ, ಇನ್ನೊಂದು ಸಲ. ಬಟ್ಟೆ ಮೇಲೆ ಹರಡಿ ಪೂರ್ತಿ ಒಣಗಿಸಿ. ಆಮೇಲೆ ಒಂದಕ್ಕೆ ಎರಡೇ ತೊಟ್ಟು ಹೊಲಿಗೆ ಯಂತ್ರದ ಎಣ್ಣೆ. ಕೊಬ್ಬರಿ ಎಣ್ಣೆ ಹಾಕಲೇಬಾರದು, ಅಂಟಾಗಿ ಹಿಡ್ಕೊಳ್ಳುತ್ತೆ. ತುಕ್ಕು ಬಿಡಿಸೋ ಸ್ಪ್ರೇ ಹೊಡೆದು ಸುಮ್ಮನಾಗೋದೂ ಬೇಡ, ಅದು ಇದ್ದ ಗ್ರೀಸನ್ನೂ ತೊಳೆದು ತಾನೂ ಆರಿಹೋಗ್ತದೆ.

ಗಾಳಿಪಟ_ಬೆಳಗಾವಿ · 3:20

ಥಿನ್ನರ್‌ನ್ಯಾಗ ರಬ್ಬರ್ ಮುಚ್ಚಳ ಹಾಕಬ್ಯಾಡ್ರಿ, ಉಬ್ಬಿ ಹಾಳಾಗತದ. ನಾ ಒಮ್ಮೆ ಹಾಕಿ ಹದಿನಾರೂ ಕಳಕೊಂಡೀನಿ.

ಮಂಜಿನೂರು_ಕನ್ನಡಿಗ · 8:15 ರಾತ್ರಿ

ನಾನಿರೋದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಇವತ್ತಿನ ಇನ್‌ಲೈನ್ ಸ್ಕೇಟ್ಸ್ ಮನೆಮಾತಾಗಿದ್ದು ಇದೇ ಊರಿಂದ. 1980ರ ಹೊತ್ತಿಗೆ ಇಲ್ಲಿನ ಓಲ್ಸನ್ ಅನ್ನೋ ಅಣ್ಣತಮ್ಮಂದಿರು, ಇಬ್ಬರೂ ಐಸ್ ಹಾಕಿ ಆಟಗಾರರು, ಬೇಸಿಗೆಯಲ್ಲೂ ಅಭ್ಯಾಸ ಮಾಡೋಣ ಅಂತ ಹಾಕಿ ಬೂಟಿಗೆ ಸಾಲು ಚಕ್ರ ಹೊಂದಿಸೋಕೆ ಶುರು ಮಾಡಿದ್ರು. ಅದೇ ಮುಂದೆ ರೋಲರ್‌ಬ್ಲೇಡ್ ಕಂಪನಿ ಆಯ್ತು.

ಹಾಕಿ ಮಾತು ತೆಗೆದಿದ್ದಕ್ಕೆ ಕಾರಣ ಇದೆ. ಹಾಕಿ ಆಡೋರ ಕೆಲವು ಫ್ರೇಮ್‌ಗಳಲ್ಲಿ ಮುಂದಿನ ಎರಡು ಚಕ್ರ 72 ಅಥವಾ 76, ಹಿಂದಿನ ಎರಡು 80 ಇರುತ್ತವೆ, ಬೇಕಂತಲೇ. ಅಂಥ ಜೋಡಿಯಲ್ಲಿ 1ನ್ನು 3ಕ್ಕೆ ಹಾಕೋ ಕ್ರಮ ನಡೆಯಲ್ಲ. ಸೆಕೆಂಡ್ ಹ್ಯಾಂಡ್ ತಗೊಂಡವರು ಬಿಚ್ಚೋ ಮುಂಚೆ ನಾಲ್ಕೂ ಚಕ್ರದ ಮೇಲಿನ ಅಂಕಿ ಓದಿ.

ಗಾಳಿಪಟ_ಬೆಳಗಾವಿ · 8:32

ಛಲೋ ಮಾತು. ಈಗ ನಮ್ಮವರೂ ಹಿಂದಿಲ್ರಿ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸಿನ್ಯಾಗ ರೋಲರ್ ಸ್ಕೇಟಿಂಗಿನ 3,000 ಮೀಟರ್ ರಿಲೇದಾಗ ನಮ್ಮ ಹುಡುಗ್ಯಾರೂ ಕಂಚು ತಂದ್ರು, ಹುಡುಗರೂ ಕಂಚು ತಂದ್ರು. ಅವತ್ತ ರಿಂಕಿನ್ಯಾಗ ಮಕ್ಕಳೆಲ್ಲಾ ಮೊಬೈಲ್ ಮುಂದ ಕುಂತಿದ್ರು. ನಮ್ಮ ಹುಡುಗ ಊಟಾನೂ ಮಾಡ್ಲಿಲ್ಲ.

ಜಯನಗರ_ಪೋಷಕಿ · 8:40

ನಾವೂ ನೋಡಿದ್ವಿ. ಕೊನೇ ಸುತ್ತಿಗೆ ಕೂಗಿ ಕೂಗಿ ಗಂಟಲು ಕಟ್ಟಿತ್ತು.

ಅರಳಿಮರ_ಮೈಸೂರು · ಬುಧವಾರ, ಸಂಜೆ 6:20

ಚಕ್ರ ಬಂತು. ಕೂತು ಶುರು ಮಾಡಿದೆ. ಆರು ಬೋಲ್ಟ್ ಸಲೀಸಾಗಿ ಬಂತು. ಬಲಗಾಲಿನ ಮೊದಲನೇದು ಮತ್ತು ಎರಡನೇದು ಬರ್ತಿಲ್ಲ. ಮೊದಲನೇದರಲ್ಲಿ ಎಲ್ ಕೀ ಗರಗರ ತಿರುಗುತ್ತೆ, ಆರು ಮೂಲೆಯ ಕಣ್ಣು ದುಂಡಗಾಗಿಬಿಟ್ಟಿದೆ. ತುಂಬಾ ಬೇಜಾರಾಗಿದೆ. ನಾಡಿದ್ದು ಅವಳಿಗೆ ಕ್ಲಾಸ್ ಇದೆ.

ಪೀಣ್ಯ_ಲೇತ್ · 6:31

ಈಗ ನಿಲ್ಲಿಸಿ, ಇನ್ನು ತಿರುಗಿಸಬೇಡಿ. ಮೊದಲು ಎರಡನೇದು ನೋಡೋಣ. ಅದರ ಕಣ್ಣಲ್ಲಿ ಮಣ್ಣು ತುಂಬಿದೆಯಾ? ಸೇಫ್ಟಿ ಪಿನ್ನಿಂದ ಕೆದಕಿ, ಬುಡ ಕಾಣೋ ತನಕ. ಮಣ್ಣು ಗಟ್ಟಿ ಕೂತಿದ್ರೆ ಕೀ ಅರ್ಧ ಮಾತ್ರ ಇಳಿಯುತ್ತೆ, ಕಣ್ಣು ದುಂಡಗಾಗೋದು ಅದಕ್ಕೇ.

ಅರಳಿಮರ_ಮೈಸೂರು · 6:44

ಹೌದು! ಕೆಂಪು ಮಣ್ಣು, ಸಿಮೆಂಟ್ ಹಾಗೆ ಗಟ್ಟಿ. ಕೆದಕಿದ ಮೇಲೆ ಕೀ ಇನ್ನೂ ಎರಡು ಮಿ.ಮೀ. ಒಳಗೆ ಹೋಯ್ತು, ಎರಡನೇದು ಬಿಚ್ತು. ಮೊದಲನೇದು ಮಾತ್ರ ಹಾಗೇ ಇದೆ.

ಎಂಟುಚಕ್ರ · 6:47

ಕಣ್ಣಿನ ಮೇಲೆ ದಪ್ಪ ರಬ್ಬರ್ ಬ್ಯಾಂಡ್ ಇಟ್ಟು ಅದರ ಮೇಲೆ ಕೀ ಒತ್ತಿ ತಿರುಗಿಸಿ. ನನಗೆ ಎರಡು ಸಲ ಕೆಲಸ ಮಾಡಿದೆ.

ಅರಳಿಮರ_ಮೈಸೂರು · 6:55

ರಬ್ಬರ್ ಬ್ಯಾಂಡ್ ಹರಿದು ಚೂರಾಯ್ತು.

ಪೀಣ್ಯ_ಲೇತ್ · 7:02

ಹತ್ತಿರದ ಹಾರ್ಡ್‌ವೇರ್ ಅಂಗಡಿಯಲ್ಲಿ ನಕ್ಷತ್ರದ ಆಕಾರದ ಬಿಟ್ ಕೇಳಿ. ಟಾರ್ಕ್ಸ್ ಟಿ25 ಒಂದು, ಟಿ27 ಒಂದು. 4ರ ಕಣ್ಣಿಗೆ ಟಿ25 ಬಿಗಿಯಾಗಿ ಕೂರುತ್ತೆ, ಜಾಸ್ತಿ ದುಂಡಗಾಗಿದ್ರೆ ಟಿ27. ಸ್ಕೇಟ್ಸ್ ಮಗ್ಗುಲಾಗಿ ಮಲಗಿಸಿ, ಕೆಳಗೆ ಮಡಚಿದ ಟವೆಲ್ ಇಟ್ಟು, ಬಿಟ್ಟನ್ನ ಕಣ್ಣಿಗೆ ನೇರವಾಗಿ ನಿಲ್ಲಿಸಿ ಸುತ್ತಿಗೆಯಿಂದ ಎರಡು ಏಟು. ನಕ್ಷತ್ರದ ಮೂಲೆಗಳು ದುಂಡಗಾದ ಲೋಹವನ್ನ ಕಚ್ಚಿಕೊಳ್ತವೆ. ಆಮೇಲೆ ಮೇಲಿಂದ ಒತ್ತಿ ಹಿಡಿದು ನಿಧಾನಕ್ಕೆ ತಿರುಗಿಸಿ. ಬೋಲ್ಟಿನ ಸುತ್ತುಗಳಿಗೆ ಹಚ್ಚಿದ ನೀಲಿ ಅಂಟೇನಾದ್ರೂ ಇದ್ರೆ ಸೋಲ್ಡರಿಂಗ್ ಐರನ್ ತುದಿಯನ್ನ ಬೋಲ್ಟಿನ ತಲೆಗೆ ಒಂದು ನಿಮಿಷ ಮುಟ್ಟಿಸಿದ್ರೆ ಸಡಿಲ ಆಗುತ್ತೆ. ಚಕ್ರಕ್ಕೆ ತಾಗಿಸಬೇಡಿ.

ಅರಳಿಮರ_ಮೈಸೂರು · 8:25

ಬಂತು!! ಟಿ27. ಟಕ್ ಅಂತ ಒಂದು ಸದ್ದು, ಆಮೇಲೆ ಬೆಣ್ಣೆ ಹಾಗೆ ತಿರುಗ್ತು. ಅಂಗಡಿಯ ಹುಡುಗ ಹೊಸ ಬೋಲ್ಟೂ ಹೊಂದಿಸಿ ಕೊಟ್ಟ.

ಗಾಳಿಪಟ_ಬೆಳಗಾವಿ · 8:33

ಭಾಳ ಛಲೋ ಆತ್ರಿ ಅಕ್ಕಾರ. ಬೇರಿಂಗ್ ತಗ್ಯೂ ಮುಂದ ಸ್ಕ್ರೂಡ್ರೈವರ್ ಹಾಕಿ ನಡುಕಿನ ಬಳಿಗೆ ಬಡೀಬ್ಯಾಡ್ರಿ. ಬಿಚ್ಚಿದ ಬೋಲ್ಟ್‌ನs ತೂತಿನ್ಯಾಗ ಓರೆ ತೂರಿಸಿ, ಆ ಕಡಿ ಬೇರಿಂಗಿನ ಅಂಚಿಗೆ ಸಿಗಸಿ, ಸುತ್ತಲೂ ಸ್ವಲ್ಪ ಸ್ವಲ್ಪ ಮೀಟ್ರಿ. ಹಾಕೂ ಮುಂದ ಬೇರಿಂಗ್ ಟೇಬಲ್ ಮ್ಯಾಲ ಇಟ್ಟು, ಚಕ್ರ ಮ್ಯಾಲ ಕೂಡಿಸಿ, ಎರಡೂ ಅಂಗೈಲೆ ಒತ್ರಿ. ಸರಿ ಕುಂತ ಕೂಡ್ಲೇ ಸಣ್ಣ ಸಪ್ಪಳ ಬರ್ತದ.

ಅರಳಿಮರ_ಮೈಸೂರು · ಗುರುವಾರ, ರಾತ್ರಿ 9:15

ಎಂಟೂ ಹಾಕಿದೆ. ಆರು ಚಕ್ರ ಚೆನ್ನಾಗಿ ತಿರುಗ್ತಿವೆ. ಎಡಗಾಲಿನ 2 ಮತ್ತು 3 ಮಾತ್ರ ಬೋಲ್ಟ್ ಬಿಗಿ ಮಾಡಿದ ತಕ್ಷಣ ಹಿಡ್ಕೊಂಡುಬಿಡ್ತವೆ. ಸಡಿಲ ಮಾಡಿದ್ರೆ ತಿರುಗುತ್ತೆ. ಹೊಸ ಚಕ್ರವೇ ಕೆಟ್ಟದ್ದು ಬಂತಾ?

ಎಂಟುಚಕ್ರ · 9:19

ಅರ್ಧ ಸುತ್ತು ಸಡಿಲ ಬಿಟ್ಟು ಆಡಿಸಿ, ತಾನಾಗೇ ಸರಿ ಹೋಗುತ್ತೆ.

ಗಾಳಿಪಟ_ಬೆಳಗಾವಿ · 9:21

ಬ್ಯಾಡ, ಬ್ಯಾಡ, ಬ್ಯಾಡ್ರಿ! ಸಡಿಲ ಬಿಟ್ಟ ಬೋಲ್ಟ್ ಓಡ್ತ ಓಡ್ತ ಕಳಚಿ ಬೀಳತದ. ನಮ್ಮ ರಿಂಕಿನ್ಯಾಗ ಒಂದು ಹುಡುಗಿ ತಿರುವಿನ್ಯಾಗ ಇದ್ದಾಗ ಮುಂದಿನ ಚಕ್ರ ಕಳಚಿ ಹೋತು. ಗದ್ದಕ್ಕ ಐದು ಹೊಲಿಗಿ ಬಿದ್ವು. ಹೆಲ್ಮೆಟ್ ಇತ್ತು ಅಂತ ಅಷ್ಟಕ್ಕ ಉಳೀತು. ದಯಮಾಡಿ ಇಂಥಾ ಸಲಹೆ ಕೊಡಬ್ಯಾಡ ತಮ್ಮಾ.

ಎಂಟುಚಕ್ರ · 9:26

ಕ್ಷಮಿಸಿ ಅಣ್ಣ, ಅಷ್ಟು ಯೋಚನೆ ಮಾಡಲಿಲ್ಲ. ಮೇಡಂ, ಸಡಿಲ ಬಿಡಬೇಡಿ.

ಪೀಣ್ಯ_ಲೇತ್ · 9:34

ಚಕ್ರ ಕೆಟ್ಟಿಲ್ಲ. ಆ ಎರಡು ಚಕ್ರ ಬಿಚ್ಚಿ ಕಿವಿಯ ಹತ್ರ ಅಲುಗಾಡಿಸಿ, ಆಮೇಲೆ ತೂತಿನಲ್ಲಿ ಟಾರ್ಚ್ ಬಿಟ್ಟು ನೋಡಿ. ಎರಡು ಬೇರಿಂಗ್ ಮಧ್ಯೆ ಹೊಳೆಯೋ ಸಣ್ಣ ಕೊಳವೆ ಕಾಣಬೇಕು. ಅದು ಸ್ಪೇಸರ್, ನಮ್ಮ ಕಡೆ ಬುಶ್ ಅಂತಾರೆ. ಕಾಣದಿದ್ರೆ ಅದು ಹಳೇ ಚಕ್ರದಲ್ಲೇ ಉಳಿದಿದೆ.

ಬೋಲ್ಟ್ ಬಿಗಿ ಮಾಡಿದಾಗ ಫ್ರೇಮಿನ ಎರಡು ಗೋಡೆ ಎರಡೂ ಬೇರಿಂಗಿನ ಒಳ ಬಳೆಗಳನ್ನ ಒತ್ತುತ್ತೆ. ಮಧ್ಯೆ ಸ್ಪೇಸರ್ ಇದ್ರೆ ಒಳ ಬಳೆ, ಕೊಳವೆ, ಒಳ ಬಳೆ ಮೂರೂ ಸೇರಿ ಒಂದೇ ಕಂಬದ ಹಾಗೆ ನಿಂತು ಒತ್ತಡ ತಡ್ಕೊಳ್ಳುತ್ತೆ, ಹೊರ ಬಳೆ ಆರಾಮಾಗಿ ಸುತ್ತುತ್ತೆ. ಸ್ಪೇಸರ್ ಇಲ್ಲದಿದ್ರೆ ಒಳ ಬಳೆಗಳು ಒಂದಕ್ಕೊಂದು ಹತ್ತಿರ ಸರಿದು ಗುಂಡುಗಳನ್ನ ಪಕ್ಕಕ್ಕೆ ಒತ್ತಿ ಹಿಡಿಯುತ್ತೆ. ಅದಕ್ಕೇ ಚಕ್ರ ನಿಲ್ಲೋದು.

ಕಡಲತಡಿ · 9:41

ಮತ್ತೆ ಹೊಸ ಸ್ಪೇಸರ್ ತರುವುದಾದರೆ ಬೋಲ್ಟ್ ದಪ್ಪ ನೋಡಿ ತನ್ನಿ. 8 ಮಿ.ಮೀ. ಬೋಲ್ಟಿಗೆ ಬೇರೆ ಸ್ಪೇಸರ್, 6 ಮಿ.ಮೀ. ಬೋಲ್ಟಿಗೆ ಬೇರಿಂಗಿನ ಒಳಗೂ ತೂರುವ ಬೇರೆ ಆಕಾರದ್ದು. ನಾನು ಗೊತ್ತಿಲ್ಲದೆ ತಪ್ಪು ಪೆಟ್ಟಿಗೆ ತಂದು ಪೇಟೆಗೆ ಎರಡು ಸಲ ಹೋದೆ.

ಅರಳಿಮರ_ಮೈಸೂರು · 10:08

ಕೊಳವೆ ಇಲ್ಲ. ಎರಡರಲ್ಲೂ ಇಲ್ಲ! ಹಳೇ ಚಕ್ರಗಳಲ್ಲೂ ಇಲ್ಲ, ಪೇಪರ್ ಮೇಲೂ ಇಲ್ಲ, ಕಸದ ಬುಟ್ಟಿ ಸುರಿದು ನೋಡಿದೆ, ಅಲ್ಲೂ ಇಲ್ಲ.

ಅರಳಿಮರ_ಮೈಸೂರು · 10:21

ಸಿಕ್ತು. ಮಗಳ ಜಾಮಿಟ್ರಿ ಡಬ್ಬಿಯಲ್ಲಿ. ಚೆಂದ ಹೊಳೀತಿದೆ ಅಂತ ಎರಡು ಎತ್ತಿಟ್ಕೊಂಡು ಪೆನ್ಸಿಲಿಗೆ ಉಂಗುರ ಹಾಗೆ ತೊಡಿಸಿದ್ದಾಳೆ. ಮಲಗಿದ್ದವಳನ್ನ ಎಬ್ಬಿಸಿ ಕೇಳಿದ್ದಕ್ಕೆ "ಅದು ಬೇಕಿತ್ತಾ ಅಮ್ಮಾ?" ಅಂದ್ಲು. ಈಗ ಹಾಕಿ ಬಿಗಿ ಮಾಡಿದೆ. ಎಂಟೂ ತಿರುಗ್ತಿವೆ! ಬೆರಳಲ್ಲಿ ಒಂದು ಸಲ ತಳ್ಳಿದ್ರೆ ನಿಲ್ಲೋದೇ ಇಲ್ಲ.

ಸಣ್ಣರಿಪೇರಿ_ಶಿವಮೊಗ್ಗ · ಶುಕ್ರವಾರ, ಬೆಳಗ್ಗೆ 6:50

ಓದಿ ಸಂತೋಷ ಆಯ್ತಮ್ಮ. ಹಿಮ್ಮಡಿ ಬ್ರೇಕ್ ಇದ್ಯಲ್ಲ, ಅದನ್ನ ಇವತ್ತು ನೋಡಿ. ಹೊಸ ಚಕ್ರ ದೊಡ್ಡದು, ಸ್ಕೇಟ್ಸ್ ಎತ್ತರ ಆಗಿರ್ತದೆ. ಹಳೇ ಚಕ್ರಕ್ಕೆ ಹೊಂದಿಕೊಂಡು ಸವೆದ ಬ್ರೇಕ್ ರಬ್ಬರು ಈಗ ನೆಲಕ್ಕೆ ದೂರ. ಮಗು ಮೊದಲಿಗಿಂತ ಜಾಸ್ತಿ ಬೆರಳೆತ್ತಬೇಕಾಗ್ತದೆ. ಮೊದಲ ದಿನ ಅವಳಿಗೆ ಹೇಳಿ ಕಳಿಸಿ. ರಬ್ಬರಿನ ಮೇಲೆ ಸವೆತದ ಗೆರೆ ಇದ್ರೆ, ಅಲ್ಲಿ ತನಕ ಬಂದಿದ್ರೆ ಅದನ್ನೂ ಬದಲಾಯಿಸಿ.

ಅರಳಿಮರ_ಮೈಸೂರು · 7:05

ಗೆರೆ ದಾಟಿದೆ. ಹೊಸದು ಆರ್ಡರ್ ಮಾಡ್ತೀನಿ, ಅಲ್ಲಿ ತನಕ ರಸ್ತೆಗೆ ಇಳಿಸಲ್ಲ. ಹಳೇ ಚಕ್ರ ಎಸೆಯೋಕೆ ಮನಸ್ಸು ಬರ್ತಿಲ್ಲ. ಏನಾದ್ರೂ ಉಪಯೋಗ ಇದ್ಯಾ?

ಸಣ್ಣರಿಪೇರಿ_ಶಿವಮೊಗ್ಗ · 7:12

ನಾಲ್ಕು ಚಕ್ರ ಒಂದು ಹಲಗೆಗೆ ಹೊಡೆದು ಅದರ ಮೇಲೆ ಗ್ಯಾಸ್ ಸಿಲಿಂಡರ್ ಇಟ್ಟಿದ್ದೀನಿ. ನನ್ನವಳು ಒಂದೇ ಕೈಲಿ ತಳ್ತಾಳೆ.

ಪೀಣ್ಯ_ಲೇತ್ · 7:30

ಇನ್ನೊಂದು ಕೆಲಸ ಬಾಕಿ. ಮೊದಲ ಕ್ಲಾಸ್ ಮುಗಿಸಿ ಬಂದ ಮೇಲೆ ಎಂಟೂ ಬೋಲ್ಟಿಗೆ ಇನ್ನೊಮ್ಮೆ ಕೀ ಹಾಕಿ ನೋಡಿ. ಹೊಸದಾಗಿ ಕೂರಿಸಿದ ಬೇರಿಂಗ್ ಓಡಾಟಕ್ಕೆ ಇನ್ನೂ ಸ್ವಲ್ಪ ಒಳಗೆ ಕೂರುತ್ತೆ, ಆಗ ಬಿಗಿ ಕಮ್ಮಿ ಆಗುತ್ತೆ.

ಅರಳಿಮರ_ಮೈಸೂರು · ಶುಕ್ರವಾರ, ರಾತ್ರಿ 8:40

ಈಗ ಬಂದ್ವಿ. ಕಾಲು ವಾಲೋದು ಪೂರ್ತಿ ನಿಂತಿದೆ, ಗೇಟಿನಿಂದಲೇ ಕೂಗ್ಕೊಂಡು ಬಂದ್ಲು. ಬೋಲ್ಟ್ ಅವಳೇ ಕೀ ಹಿಡಿದು ಒಂದೊಂದಾಗಿ ನೋಡಿದ್ಲು. ಏಳು ಅಲ್ಲಾಡಲಿಲ್ಲ. ಎಡಗಾಲಿನ ಮೂರನೇದು ಕಾಲು ಸುತ್ತು ಬಂತು.